ನಕ್ಷೆಯಲ್ಲಿಲ್ಲದ ಕೋಣೆ

ನಮ್ಮ ಮಲೆನಾಡಿನಲ್ಲಿ ಮನೆ ಕೊಳ್ಳಲು ಹೊರಟವರು ಮೊದಲು ಬಾವಿ ಇಣುಕುತ್ತಾರೆ. ಆಮೇಲೆ ಮಾಡಿನ ಮರಕ್ಕೆ ಗೆದ್ದಲು ಹಿಡಿದಿದೆಯೇ ಎಂದು ತಟ್ಟಿ ನೋಡುತ್ತಾರೆ. ವಾಸ್ತು ಕೇಳುವವರೂ ಉಂಟು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆ ಮೇಷ್ಟರಿಕೆ ಮಾಡುತ್ತ ಬಾಡಿಗೆ ಮನೆಗಳಲ್ಲೇ ಇಷ್ಟು ಮಳೆಗಾಲ ಕಳೆದಿದ್ದೇನೆ. ಪಟ್ಟಣ ಪಂಚಾಯಿತಿ ಮಂಜೂರು ಮಾಡಿದ ನಕ್ಷೆಯನ್ನು ಕೈಯಲ್ಲಿ ಹಿಡಿದು ಮನೆಯನ್ನು ಟೇಪಿನಲ್ಲಿ ಅಳೆದು ನೋಡಿದವರನ್ನು ಕಂಡದ್ದು ಮಾತ್ರ ಅಪರೂಪ.

ಹೋದ ಬೇಸಿಗೆಯಲ್ಲಿ ಭಾವನವರು, ಅಂದರೆ ನನ್ನ ತಂಗಿಯ ಯಜಮಾನರು, ಮಕ್ಕಳ ಓದಿಗೆ ಅನುಕೂಲವೆಂದು ಕೊಪ್ಪದಲ್ಲಿ ಒಂದು ಮನೆ ನೋಡಿದರು. ಮೂವತ್ತು-ನಲವತ್ತರ ಸೈಟು, ಗಟ್ಟಿಮುಟ್ಟಾದ ಮನೆ, ಹಿಂದುಗಡೆ ಆಮೇಲೆ ಸೇರಿಸಿದ ಒಂದು ತಾರಸಿ ಕೋಣೆ. ಒಂಬತ್ತನೇ ತರಗತಿ ಓದುವ ಅವರ ಮಗಳಿಗೆ ಇಡೀ ಮನೆಯಲ್ಲಿ ಹಿಡಿಸಿದ್ದು ಅದೊಂದೇ. ಕಿಟಕಿಯ ಪಕ್ಕ ಮೇಜು ಎಲ್ಲಿ ಬರಬೇಕೆಂದೂ ಗೊತ್ತುಮಾಡಿಕೊಂಡಿದ್ದಳು. ಭಾವನವರ ಭವಿಷ್ಯನಿಧಿಯ ಹಣವೆಲ್ಲ ಈ ಮನೆಗೆ ಹೋಗುವುದಿತ್ತು. ಸಾಲದ್ದಕ್ಕೆ ಬ್ಯಾಂಕ್ ಸಾಲ.

ನಕ್ಷೆ ಕೇಳಿದಾಗ ಮಾರುವವರು ಕಂದಾಯದ ರಸೀದಿಗಳ ಕಟ್ಟು ಬಿಚ್ಚಿದರು. “ಹನ್ನೆರಡು ವರ್ಷದಿಂದ ಕಟ್ಟುತ್ತಿದ್ದೇನೆ ಮೇಷ್ಟ್ರೇ, ಒಬ್ಬರೂ ಕೇಳಿಲ್ಲ.” ಕೇಳದೇ ಇದ್ದದ್ದು ನಿಜವಿರಬಹುದು. ಆದರೆ ಕಂದಾಯ ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ. ಇ.ಸಿ. ತೆಗೆಸಿದರೆ ಕ್ರಯ, ಅಡಮಾನಗಳ ಲೆಕ್ಕ ಸಿಗುತ್ತದೆ. ಗೋಡೆಯ ಲೆಕ್ಕ ಸಿಗುವುದಿಲ್ಲ. ಕ್ರಯಪತ್ರದ ಚಕ್ಕುಬಂದಿ ಸೈಟಿನ ನಾಲ್ಕು ದಿಕ್ಕು ಹೇಳಿ ಸುಮ್ಮನಾಗುತ್ತದೆ. ಎಲ್ಲಿ ಕಟ್ಟಲು ಒಪ್ಪಿಗೆಯಿದೆ, ಎಲ್ಲಿ ಖಾಲಿ ಬಿಡಬೇಕು ಎಂಬುದನ್ನು ತಿಳಿಯಲು ಮಂಜೂರಾದ ನಕ್ಷೆಯೇ ಬೇಕು. ಕೊನೆಗೂ ಅದು ಪೆಟ್ಟಿಗೆಯ ತಳದಿಂದ ಬಂತು. ಟೇಪಿನ ಒಂದು ತುದಿ ಹುಡುಗಿ ಹಿಡಿದಳು. ನಕ್ಷೆಯಲ್ಲಿ ಹಿಂದೆ 14 ಅಡಿ ಖಾಲಿ. ಟೇಪಿನಲ್ಲಿ ಎರಡೇ ಅಡಿ.

“ಜಾಗ ಅವರದೇ ಅಲ್ಲವಾ ಮಾವ, ಕಟ್ಟಿದರೆ ಏನು?” ಎಂದಳು. ಒಳ್ಳೆಯ ಪ್ರಶ್ನೆ. ದೊಡ್ಡವರೂ ಇದನ್ನೇ ಕೇಳುತ್ತಾರೆ, ಸ್ವಲ್ಪ ಸಿಟ್ಟಿನಿಂದ. ಅವಳಿಗೊಂದು ಲೆಕ್ಕ ಕೊಟ್ಟೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಕೋಣೆ 12 ಅಡಿ ಉದ್ದ, 10 ಅಡಿ ಅಗಲ. ಸುಮಾರು 11 ಚದರ ಮೀಟರ್. ಆಷಾಢದಲ್ಲಿ ನಮ್ಮ ಕಡೆ ದಿನಕ್ಕೆ 100 ಮಿ.ಮೀ. ಸುರಿದರೆ ಯಾರೂ ಹುಬ್ಬೇರಿಸುವುದಿಲ್ಲ. ಅಲ್ಲಿಗೆ ಒಂದೇ ದಿನ 1,100 ಲೀಟರ್! ಮೊದಲು ಹಿತ್ತಲ ಮಣ್ಣಿಗೆ ಇಂಗಿ, ಉಳಿದದ್ದು ಚರಂಡಿಗೆ ಹೋಗುತ್ತಿದ್ದ ನೀರು ಈಗ ತಾರಸಿಯ ಕೊಳವೆಯಿಂದ ತಗ್ಗಿನ ಮನೆಯವರ ಗೋಡೆಯ ಬುಡಕ್ಕೆ ಬೀಳುತ್ತಿತ್ತು. ಆ ಗೋಡೆ ಮೊಣಕಾಲೆತ್ತರ ಪಾಚಿಗಟ್ಟಿದ್ದನ್ನು ಹುಡುಗಿಯೇ ತೋರಿಸಿದಳು. ಹಳೆಗೋಡೆ ಹೊಸಗೋಡೆ ಕೂಡುವಲ್ಲಿ ಮೇಲಿಂದ ಕೆಳಗೆ ಬಿರುಕೂ ಇತ್ತು. ಹಳೆಯ ತಳಪಾಯ ಕುಳಿತು ವರ್ಷಗಳಾಗಿರುತ್ತವೆ. ಹೊಸದು ಆಮೇಲೆ ಕೂರಲು ಶುರುಮಾಡುತ್ತದೆ. ಸುಣ್ಣ ಬಳಿದರೆ ಬಿರುಕು ಒಂದು ಮಳೆಗಾಲ ಮರೆಯಾದೀತು, ಅಷ್ಟೆ.

“ಅಕ್ರಮ-ಸಕ್ರಮದಲ್ಲಿ ಸರಿಮಾಡಿಸಿಕೊಳ್ಳಿ” ಎಂದ ದಲ್ಲಾಳಿ. 2014ರ ನಿಯಮಗಳಲ್ಲಿ, ವಾಸದ ಮನೆಯ ಉಲ್ಲಂಘನೆ ಶೇಕಡಾ 50ರೊಳಗಿದ್ದರೆ ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳುವ ಅವಕಾಶವೇನೋ ಇತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಕಟ್ಟಿ ಬಹಳ ವರ್ಷವಾಯಿತು, ಅಧಿಕಾರಿಗಳು ಸುಮ್ಮನಿದ್ದರು ಎಂಬ ಕಾರಣಕ್ಕೆ ಅನಧಿಕೃತ ಕಟ್ಟಡ ಅಧಿಕೃತವಾಗದು ಎಂದು 2024ರ ಡಿಸೆಂಬರ್‌ನಲ್ಲಿ ಮೀರತ್‌ನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಹೇಳಿತು. ಮಕ್ಕಳ ಓದಿಗೆ ಬೇಕಾದ ಹಣವನ್ನು ದಲ್ಲಾಳಿಯ ಬಾಯಿಮಾತಿನ ಮೇಲೆ ಹೂಡುವುದು ನನಗೆ ಸರಿಕಾಣಲಿಲ್ಲ.

ಬ್ಯಾಂಕಿನ ಇಂಜಿನಿಯರ್ ಆ ಕೋಣೆಗೆ ಬೆಲೆಯನ್ನೇ ಕಟ್ಟಲಿಲ್ಲ. ಅದನ್ನೇ ಹಿಡಿದು ಭಾವನವರು ಮಾತಾಡಿದರು: ಪರಿಷ್ಕೃತ ನಕ್ಷೆ ಮಂಜೂರು ಮಾಡಿಸಿ ಕೊಡಿ, ಇಲ್ಲವೇ ನೋಂದಣಿಗೆ ಮೊದಲು ಕೋಣೆ ತೆಗೆಸಿ. ಮಾರುವವರು ಒಂದು ತಿಂಗಳು ಫೋನೇ ಎತ್ತಲಿಲ್ಲ. ಆಮೇಲೆ ತಾವೇ ಆಳು ಕರೆಸಿ ಕೆಡವಿಸಿದರು, ಬೆಲೆಯನ್ನೂ ಇಳಿಸಿದರು. ಹುಡುಗಿ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಈಗ ಜಗಲಿಯ ಮೂಲೆಯಲ್ಲಿ ಓದುತ್ತಾಳೆ. ಮಳೆ ಎರಚಲು ಹೊಡೆಯುತ್ತದೆಂದು ತಂಗಿ ಅಲ್ಲಿಗೊಂದು ಪರದೆ ಕಟ್ಟಿಸಿದ್ದಾಳೆ.