ವಾರ್ಡಿನಲ್ಲಿ ಯಾವ ಭಾಷೆ?

ಮನೋರೋಗ ವಾರ್ಡ್ ಎಂದರೆ ಏನೇನು ಕಲ್ಪಿಸಿಕೊಳ್ಳಬೇಕು ಎಂಬುದನ್ನು ನಮಗೆ ಸಿನಿಮಾಗಳು ಕಲಿಸಿಬಿಟ್ಟಿವೆ. ಖಿನ್ನತೆಗಾಗಿ ಪುಣೆಯ ಆಸ್ಪತ್ರೆಯೊಂದರಲ್ಲಿ ಹನ್ನೊಂದು ದಿನ ಇದ್ದ ನಾನು ಹೆಚ್ಚು ಕಂಡದ್ದು ಉದ್ದನೆಯ ಮಧ್ಯಾಹ್ನಗಳನ್ನು, ಮತ್ತು ಪ್ರಶ್ನೆಗಳನ್ನು.

ಮೊದಲು ಸಾಮಾನು ತಪಾಸಣೆ. ದುಪಟ್ಟಾ, ಚಾರ್ಜರ್ ವೈರು, ಗಾಜಿನ ಬಾಟಲಿ ತೆಗೆದಿಡುತ್ತಾರೆ. ಅವಮಾನ ಅನ್ನಿಸುತ್ತದೆ, ಆದರೆ ಎಲ್ಲರಿಗೂ ಅದೇ ನಿಯಮ. ಮಾತ್ರೆಯನ್ನು ನರ್ಸ್ ಎದುರಿಗೇ ನುಂಗಬೇಕು. ರಾತ್ರಿ ಯಾರೋ ಟಾರ್ಚ್ ಹಿಡಿದು ಬಂದು ನೋಡಿ ಹೋಗುತ್ತಾರೆ. ಮೊದಲೆರಡು ದಿನ ಬರೀ ನಿದ್ದೆ. ಆಮೇಲೆ ಕೇರಂ, ಟಿವಿ, ಊಟಕ್ಕೆ ಕಾಯುವುದು.

ದಿನಾ ಬೆಳಿಗ್ಗೆ ವೈದ್ಯರು ನಿದ್ದೆ, ಹಸಿವು, ಸಾಯುವ ಯೋಚನೆಗಳ ಬಗ್ಗೆ ಕೇಳುತ್ತಾರೆ. ಕೊನೆಯದನ್ನು ನೇರವಾಗಿಯೇ ಕೇಳುತ್ತಾರೆ, ನೇರವಾಗಿಯೇ ಉತ್ತರಿಸಬಹುದು. ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದೂ ಹೇಳಬಹುದು. ಮರಾಠಿಯಿಂದ ಅನುವಾದ ಮಾಡಿಯೇ ನಾನು ಬದುಕುವುದು. ಆದರೂ ಲೆಕ್ಕ ಆಗುವುದು ಕನ್ನಡದಲ್ಲೇ: ತೊಂಬತ್ತಮೂರು, ಎಂಬತ್ತಾರು. ಬೇರೆ ಭಾಷೆಯಲ್ಲಿ ತಡವರಿಸಿದರೆ ಅದೂ ಕಾಯಿಲೆಯ ಲಕ್ಷಣದಂತೆ ಕಾಣಬಹುದು.

ಜೊತೆಗಿದ್ದ ಅಮ್ಮ ಒಂದು ದಿನ ತಮ್ಮ ಹರುಕುಮುರುಕು ಹಿಂದಿಯಲ್ಲಿ, ‘ಇವಳಿಗೆ ಬಹಳ ಸಂಕಟ’ ಎಂದರು. ಅಮ್ಮ ಹೇಳಿದ್ದು ಒಳಗಿನ ನೋವನ್ನು. ಹಿಂದಿ, ಮರಾಠಿ ಕಿವಿಗೆ ಆ ಪದ ವಿಪತ್ತು, ಅಪಾಯ. ‘ಯಾರಿಂದ?’ ಎಂದರು ವೈದ್ಯರು. ಪೆನ್ನು ಆಗಲೇ ಕಾಗದದ ಮೇಲಿತ್ತು. ಪದ ಬಿಡಿಸಿ ಹೇಳದಿದ್ದರೆ, ಯಾರೋ ಕೇಡು ಬಗೆಯುತ್ತಿದ್ದಾರೆಂಬ ಭಯ ನನಗಿದೆ ಎಂದು ಫೈಲು ಸೇರುತ್ತಿತ್ತೇನೋ. ಖಿನ್ನತೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ನಾವು ಆಡಿದ ಮಾತೇ ವೈದ್ಯರ ಮುಖ್ಯ ಆಧಾರ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಬಗ್ಗೆ ಇಷ್ಟಾದರೂ ಗೊತ್ತಿರಲಿ. ಯಾವ ನಿಯಮದಡಿ ದಾಖಲಾಗಿದ್ದೀರಿ, ಕಾಯಿಲೆ ಯಾವುದು, ಚಿಕಿತ್ಸೆ ಏನು ಎಂಬುದನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿಸಿಕೊಳ್ಳುವುದು ನಿಮ್ಮ ಹಕ್ಕು. ಸ್ವಂತ ಇಚ್ಛೆಯಿಂದ ದಾಖಲಾದವರು ಕೇಳಿದರೆ ಬಿಡಬೇಕು. ಅಪಾಯವಿದೆ ಎನ್ನಿಸಿದರೆ ಪರಿಶೀಲನೆಗಾಗಿ 24 ಗಂಟೆ ತಡೆಯಬಹುದು. ನಿಮ್ಮ ಬಟ್ಟೆ ನೀವು ತೊಡಬಹುದು. ಅರಿವಳಿಕೆ ಇಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವಂತಿಲ್ಲ.

ಊರು ಬಿಟ್ಟು ಊರಲ್ಲಿರುವ ನಾವು ಇನ್ನೊಂದು ಕೆಲಸ ಮಾಡಿಟ್ಟುಕೊಳ್ಳಬೇಕು. ಬೇಜಾರು, ಸಂಕಟ, ತಳಮಳ, ಯಾವುದೂ ಬೇಡ ಅನ್ನಿಸುವುದು: ನಿಮಗೆ ಇವು ಹೇಗಾಗುತ್ತವೆ, ದೇಹದಲ್ಲಿ ಎಲ್ಲಿ, ದಿನದ ಯಾವ ಹೊತ್ತಿನಲ್ಲಿ ಎಂದು ಕನ್ನಡದಲ್ಲೇ ಬರೆದಿಡಿ. ಅನುವಾದ ಆಮೇಲೆ. ಜೊತೆಗೆ ಬರುವವರಿಗೂ ಓದಿಸಿ. ಅಷ್ಟಕ್ಕೂ ಹೊತ್ತಿಲ್ಲದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಅದರ ಭಾಷೆಗಳಲ್ಲಿ ಕನ್ನಡವೂ ಒಂದು.

ಮನೆಗೆ ಕಳಿಸುವಾಗ ಪೂರ್ತಿ ಗುಣವಾಗಿರುತ್ತದೆ ಎಂದುಕೊಳ್ಳಬೇಡಿ. ಖಿನ್ನತೆಯ ಮಾತ್ರೆ ಸರಿಯಾಗಿ ಹಿಡಿಯಲು ವಾರಗಳೇ ಬೇಕು. ಹನ್ನೊಂದನೆಯ ದಿನ ನನಗೆ ಸಂತೋಷವೇನೂ ಆಗಿರಲಿಲ್ಲ. ಹಸಿವಾಗಿತ್ತು. ವೈದ್ಯರು ಅದನ್ನೂ ಬರೆದುಕೊಂಡರು.