ಪಿನ್ ಕೂತ್ರೆ ಸಾಕಾ?

ಜಯನಗರದ ನಮ್ಮನೇಲಿ ಹಳೇ ಅಡಾಪ್ಟರುಗಳಿಗೇ ಅಂತ ಒಂದು ಬಿಸ್ಕತ್ ಡಬ್ಬ ಇದೆ. ಕೆಟ್ಟುಹೋದ ರೂಟರಿಂದು, ಸೆಟ್‌ಟಾಪ್ ಬಾಕ್ಸಿಂದು, ಯಾವ ಕಾಲದ್ದೋ ಕಾರ್ಡ್‌ಲೆಸ್ ಫೋನಿಂದು. ಬಿಸಾಕಕ್ಕೆ ಯಾರಿಗೂ ಮನಸ್ಸಿಲ್ಲ. ಮಾವನವರ ಸ್ಪೆಕ್ಟ್ರಮ್ ಕಂಪ್ಯೂಟರಿನ ಅಡಾಪ್ಟರ್ ಸುಟ್ಟ ವಾಸನೆ ಹೊಡೆಯಕ್ಕೆ ಶುರುವಾದಾಗ ಎಲ್ರ ಕೈಯೂ ಆ ಡಬ್ಬಕ್ಕೇ ಹೋಯ್ತು.

ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ 1982ರದ್ದು, ಬ್ರಿಟನ್ನಿನದು. ರಬ್ಬರ್ ಕೀಲಿ, 48 ಕೆ ಮೆಮೊರಿ. ಮಾವ ಅಲ್ಲಿಗೆ ಕೆಲಸಕ್ಕೆ ಹೋಗಿದ್ದಾಗ ತಂದಿದ್ದು. ಅಲ್ಲಿನ ಕರೆಂಟೂ ಹೆಚ್ಚುಕಮ್ಮಿ ನಮ್ಮಂಥದ್ದೇ, ಹಾಗಾಗಿ ಪ್ಲಗ್ ಬದಲಾಯಿಸಿದ್ದಷ್ಟೇ. ಅಮೆರಿಕದ್ದಾಗಿದ್ರೆ ಅವತ್ತೇ ಹೊಗೆ ಬರ್ತಿತ್ತು.

ರೂಟರಿನ ಪಿನ್ ಇದರ ತೂತಿಗೆ ಸಲೀಸಾಗಿ ಕೂರತ್ತೆ. ಅದೇ ಅಪಾಯ. ಸ್ಪೆಕ್ಟ್ರಮ್ಮಿಗೆ ಬೇಕಾಗಿರೋದು 9 ವೋಲ್ಟ್, ಅದೂ ಪಿನ್ನಿನ ನಡುವೆ ಮೈನಸ್. ರೂಟರಿಂದು 12, ನಡುವೆ ಪ್ಲಸ್. ಉಲ್ಟಾ ಕೊಟ್ರೆ ಹೋಗೋದು ಫ್ಯೂಸಲ್ಲ, ಮೆಮೊರಿ ಚಿಪ್ಪು.

"ತಿರುಗಿಸಿ ಬೆಸುಗೆ ಹಾಕಿದ್ರೆ ಆಯ್ತಲ್ಲಮ್ಮ? ಹಳೇದರ ಮೇಲೆ 9 ಅಂತಿದ್ರೂ ಮೀಟರಲ್ಲಿ 12 ತೋರಿಸ್ತಿದೆ" ಅಂದ ಮಗ. ಅವನು ಅಳೆದಿದ್ದು ಸರಿ, ಹಾಕಿದ ಲೆಕ್ಕ ತಪ್ಪು. ಹಳೇ ಟ್ರಾನ್ಸ್‌ಫಾರ್ಮರ್ ಖಾಲಿ ಇದ್ದಾಗ ಏರತ್ತೆ, ಕೆಲಸ ಕೊಟ್ಟ ತಕ್ಷಣ 9ರ ಹತ್ರ ಇಳಿಯತ್ತೆ. ಈಗಿನ ಅಡಾಪ್ಟರ್ ಹಾಗಲ್ಲ, 12 ಅಂದ್ರೆ 12ಕ್ಕೇ ಅಂಟ್ಕೊಂಡಿರತ್ತೆ. ಒಳಗಡೆ 7805 ಅನ್ನೋ ರೆಗ್ಯುಲೇಟರ್ ಅದನ್ನ 5ಕ್ಕೆ ಇಳಿಸಿ, ಮಿಕ್ಕಿದ್ದನ್ನ ಬಿಸಿ ಮಾಡಿ ಚೆಲ್ಲತ್ತೆ. 9 ಕೊಟ್ರೆ 4 ಚೆಲ್ಲೋದು, 12 ಕೊಟ್ರೆ 7. ಮೊದಲೇ ಇದು ಬಿಸಿಗೆ ಹೆಸರಾದ ಯಂತ್ರ.

ಮಾವನ ಭಯ ಬೇರೆ. ಹಳೇದು 1.4 ಆಂಪ್ಸು, ನಾನು ಎಸ್.ಪಿ. ರೋಡಿಂದ ತಂದಿದ್ದು 9 ವೋಲ್ಟ್, 2 ಆಂಪ್ಸು. "ಜಾಸ್ತಿ ಆಯ್ತಲ್ಲಮ್ಮ, ಸುಟ್ಟೋಗಲ್ವಾ?" ಟೆರೇಸಿನ ಟ್ಯಾಂಕ್ ಎಷ್ಟೇ ದೊಡ್ಡದಿರ್ಲಿ ಮಾವ, ನಲ್ಲಿ ತಿರುಗಿಸಿದಷ್ಟೇ ನೀರು ಬರೋದು ಅಂದೆ. ಟ್ಯಾಂಕ್ ಎತ್ತರಕ್ಕಿಟ್ರೆ ಮಾತ್ರ ರಭಸ ಹೆಚ್ಚು, ಅದು ವೋಲ್ಟು. ಒಪ್ಪಿದ್ರೋ ಸುಮ್ನಾದ್ರೋ ಗೊತ್ತಿಲ್ಲ.

ಹೊಸದರಲ್ಲೂ ನಡುವೆ ಪ್ಲಸ್ಸೇ ಇತ್ತು. ವೈರ್ ಕತ್ತರಿಸಿ, ಎರಡನ್ನೂ ಅದಲುಬದಲು ಮಾಡಿ ಬೆಸುಗೆ ಹಾಕಿ, ಮೇಲೆ ತೋಳು ಏರಿಸಿದೆ. ಮೀಟರ್ ಕೆಂಪು ಕಡ್ಡಿ ನಡುವೆ ಇಟ್ರೆ ಮೈನಸ್ 9 ಬಂತು. ಈಗ ಇದನ್ನ ಯಾರಾದ್ರೂ ರೂಟರಿಗೆ ಚುಚ್ಚಿದ್ರೆ ಅದರ ಕಥೆ ಮುಗೀತು. ಅದಕ್ಕೇ ಬಿಳಿ ಪಟ್ಟಿ ಸುತ್ತಿ "ಮಾವನ ಕಂಪ್ಯೂಟರಿಗೆ ಮಾತ್ರ" ಅಂತ ಬರೆದು, ಡಬ್ಬಕ್ಕೆ ಹಾಕದೆ ಕಂಪ್ಯೂಟರಿಗೇ ಕಟ್ಟಿಟ್ಟೆ.

ಹಳೇ ಟೀವೀಲಿ 1982 ಅನ್ನೋ ಸಾಲು ಮೂಡ್ತು. ಮಾವ ಚೀಟಿ ಲೆಕ್ಕದ ಕ್ಯಾಸೆಟ್ ಹಿಡ್ಕೊಂಡು ಕಾಯ್ತಿದ್ರು. ಲೋಡ್ ಅನ್ನೋ ಪದ ಜೆ ಕೀಲೀಲಿದೆ ಅಂತ ಅವರಿಗೆ ಯಾರೂ ಹೇಳ್ಬೇಕಾಗ್ಲಿಲ್ಲ.