ಮೆಟಡೋರಿಗೊಂದು ಬ್ರೇಕು

ಬಳೆಯ ಅಳತೆಯನ್ನು ನಮಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. 2-4ರ ಕೈಗೆ 2-6 ತೊಟ್ಟರೆ ಬಟ್ಟೆ ಒಗೆಯುವಾಗ ಜಾರಿ ಬಕೆಟ್ಟಿಗೆ ಬೀಳುತ್ತದೆ. 2-6ರ ಕೈಗೆ 2-4 ಏರಿಸಹೊರಟರೆ ಬಳೆಯಾದರೂ ಒಡೆಯಬೇಕು, ಕೈಯಾದರೂ ತರಚಬೇಕು. ಎರಡಕ್ಕೂ ಇರುವ ಅಂತರ ಎಷ್ಟು? 2-4 ಎಂದರೆ ಎರಡು ಇಂಚಿನ ಮೇಲೆ ಹದಿನಾರರಲ್ಲಿ ನಾಲ್ಕು ಪಾಲು. 2-6 ಎಂದರೆ ಆರು ಪಾಲು. ಲೆಕ್ಕ ಹಾಕಿದರೆ ಒಂದು ಇಂಚನ್ನು ಎಂಟು ಮಾಡಿ ಅದರಲ್ಲಿ ಒಂದು ಪಾಲು, ಅಷ್ಟೆ. ಕುಕ್ಕರಿನ ರಬ್ಬರೂ ಹಾಗೆಯೇ. ಬೇರೆ ಕಂಪನಿಯದು ಕೂತಂತೆ ಕಾಣುತ್ತದೆ, ಒಲೆಯ ಮೇಲಿಟ್ಟಾಗ ಸೀಟಿಯ ಬದಲು ಸುತ್ತಲೂ ಆವಿ ಬರುತ್ತದೆ.

ಇಷ್ಟೆಲ್ಲ ಬಲ್ಲ ನಾವು ಗಾಡಿಯ ಬಿಡಿಭಾಗದ ಮಾತು ಬಂದೊಡನೆ ‘ಅದು ಗಂಡಸರ ವಿಷಯ’ ಎಂದು ಎದ್ದು ಒಳಗೆ ಹೋಗುವುದು ರೂಢಿ. ಹಾಗೆ ಎದ್ದು ಹೋಗುವ ಅನುಕೂಲ ನನಗಿರಲಿಲ್ಲ. ಆ ಗಾಡಿಯೇ ನಮ್ಮ ಅನ್ನ.

ತೀರ್ಥಹಳ್ಳಿಯಲ್ಲಿ ನಮ್ಮದು ಮದುವೆ, ಮುಂಜಿಗಳ ಅಡುಗೆ ವಹಿಸಿಕೊಳ್ಳುವ ಕಸುಬು. ಕೊಪ್ಪರಿಗೆ, ಕೊಳಗ, ಒಲೆ, ತರಕಾರಿ ಮೂಟೆ, ಜೊತೆಗೆ ಅಡುಗೆಗೆ ಬರುವ ಮೂವರು ಹೆಂಗಸರು, ಇಷ್ಟನ್ನೂ ಹೊತ್ತು ತಿರುಗುವುದು ನಮ್ಮ ಮಾವ 1986ರಲ್ಲಿ ಕೊಂಡ ಮೆಟಡೋರ್. ಈಗಿನ ಮಕ್ಕಳಿಗೆ ಅದರ ಪರಿಚಯವಿರಲಿಕ್ಕಿಲ್ಲ. ಜರ್ಮನಿಯ ಟೆಂಪೋ ಕಂಪನಿಯ ಸಹಯೋಗದಿಂದ 1958ರಲ್ಲಿ ಹುಟ್ಟಿ, ಮುಂದೆ ಪುಣೆಯಲ್ಲಿ ನೆಲೆಯಾದ ಬಜಾಜ್ ಟೆಂಪೋ ಮೊದಲು ಮೂರು ಚಕ್ರದ ಗಾಡಿ ಮಾಡಿತು. 1969ರಲ್ಲಿ ಮೆಟಡೋರ್ ತಂದಿತು. ನಮ್ಮ ಕಡೆ ಆ ಹೆಸರು ಎಷ್ಟು ಬೇರೂರಿತೆಂದರೆ ಬೇರೆ ಕಂಪನಿಯ ವ್ಯಾನನ್ನೂ ಜನ ಮೆಟಡೋರ್ ಎಂದೇ ಕರೆದರು. ಕಂಪನಿಯ ಹೆಸರು 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದಾಯಿತು. ಮೆಟಡೋರ್ ತಯಾರಿಕೆ ನಿಂತು ಬಹಳ ಕಾಲವಾಯಿತು. ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆಂದು ಬೇರೆ ನಿಯಮ ಮಾಡಿ ಗೌರವ ಕೊಟ್ಟಿದೆಯಾದರೂ ಅದಕ್ಕೆ ಗಾಡಿಗೆ ಐವತ್ತು ವರ್ಷ ದಾಟಿರಬೇಕು, ಬಾಡಿಗೆಗೂ ಓಡಿಸುವಂತಿಲ್ಲ. ನಮ್ಮದಕ್ಕೆ ಇನ್ನೂ ಐವತ್ತು ತುಂಬಿಲ್ಲ, ದುಡಿಮೆಯೂ ಬಿಟ್ಟಿಲ್ಲ. ಮನೆಯ ನಡುವಯಸ್ಸಿನ ಹೆಂಗಸಿನ ಹಾಗೆ: ಗೌರವಕ್ಕೆ ಚಿಕ್ಕವಳು, ಕೆಲಸಕ್ಕೆ ದೊಡ್ಡವಳು.

2023ರ ಫೆಬ್ರವರಿ, ಮದುವೆಗಳ ಸುಗ್ಗಿ. ಬ್ರೇಕ್ ಒತ್ತಿದರೆ ಪೆಡಲ್ ಕೆಳಗೆ ಇಳಿಯತೊಡಗಿತು. ಗಾಡಿ ಬಲಕ್ಕೆ, ಎಂದರೆ ಎದುರು ಬರುವ ಬಸ್ಸುಗಳ ಕಡೆಗೆ ಎಳೆಯತೊಡಗಿತು. ನಮ್ಮ ಮೆಕ್ಯಾನಿಕ್ ಎಡ ಮುಂಚಕ್ರ ಬಿಚ್ಚಿ ಡ್ರಮ್ ತೆಗೆದರು. ಒಳಗೆಲ್ಲ ಎಣ್ಣೆ.

ಆ ಡ್ರಮ್ಮಿನೊಳಗಿನ ಸಂಸಾರ ಸರಳವಾದದ್ದು. ನಾವು ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ಸಣ್ಣ ಕೊಳವೆಗಳಲ್ಲಿ ಚಕ್ರದವರೆಗೆ ನುಗ್ಗುತ್ತದೆ. ಅಲ್ಲಿರುವ ಬೆರಳುದ್ದದ ಸಿಲಿಂಡರಿನ ಎರಡು ಪಿಸ್ಟನ್‌ಗಳು ಹೊರಕ್ಕೆ ಸರಿದು, ಎರಡು ಅರ್ಧಚಂದ್ರದಂಥ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತವೆ. ಶೂಗಳ ಬೆನ್ನಿಗಿರುವ ಲೈನರ್ ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲುತ್ತದೆ. ಸಿಲಿಂಡರಿನೊಳಗಿನ ರಬ್ಬರ್ ಕಪ್ ಎಣ್ಣೆಯನ್ನು ಹಿಡಿದಿಡಬೇಕು. ನಮ್ಮದರಲ್ಲಿ ಸಿಲಿಂಡರಿನ ಒಳಮೈ ತುಕ್ಕಿನಿಂದ ಗುಳಿಬಿದ್ದು, ಎಣ್ಣೆ ಸೋರಿ ಲೈನರ್ ತೊಯ್ದಿತ್ತು. ಎಣ್ಣೆ ಕುಡಿದ ಲೈನರ್ ಹಿಡಿಯುವುದಿಲ್ಲ, ಆಚೆಯದು ಹಿಡಿಯುತ್ತದೆ. ಅದಕ್ಕೇ ಗಾಡಿ ಆಚೆಗೆ ಎಳೆಯುತ್ತಿತ್ತು.

ಮಗ ಶಿವಮೊಗ್ಗಕ್ಕೆ ಹೋಗಿ ಹೊಸ ಸಿಲಿಂಡರ್ ತಂದ. ಡಬ್ಬಿ ಹೊಸದು, ಬಣ್ಣ ಹೊಸದು, ಬೋಲ್ಟಿನ ತೂತುಗಳೂ ಸರಿಯಾಗಿ ಕೂತವು. “ಅಮ್ಮಾ, ಕೂರ್ತದೆ!” ಎಂದ. ಮೆಕ್ಯಾನಿಕ್ ಮಾತಾಡದೆ ಹಳೆಯದರ ಬಾಯಿಗೂ ಹೊಸದರ ಬಾಯಿಗೂ ವರ್ನಿಯರ್ ಹಿಡಿದು, “ಹೊರಗೆ ಕೂರ್ತದೆ ಮಾರಾಯ, ಒಳಗೆ ಬೇರೆ” ಎಂದರು. ಒಳಗಿನ ಕೊರೆತ ಒಂದಿಷ್ಟು ದೊಡ್ಡದಿತ್ತು.

“ಒಂದಿಷ್ಟು ತಾನೆ?” ಎಂದ ಮಗ. ಅವರು ಸುಣ್ಣದಕಡ್ಡಿ ತೆಗೆದುಕೊಂಡು ಸಿಮೆಂಟ್ ನೆಲದ ಮೇಲೆ ಲೆಕ್ಕ ಬರೆದರು. ಉದಾಹರಣೆಗೆ ಒಂದು ಮುಕ್ಕಾಲು ಇಂಚಿನದು ಎನ್ನಿ, ಎಂದರೆ ಎಂಟರಲ್ಲಿ ಆರು ಪಾಲು. ಇನ್ನೊಂದು ಏಳು ಪಾಲು. ಒತ್ತುವುದು ಅಡ್ಡಳತೆಯಲ್ಲ, ಇಡೀ ವೃತ್ತದ ಹರವು. ಆರಾರಲೆ 36. ಏಳೇಳಲೆ 49. ಅದೇ ಕಾಲು, ಅದೇ ಪೆಡಲು, ಒಂದು ಚಕ್ರಕ್ಕೆ 36ರ ಒತ್ತು, ಇನ್ನೊಂದಕ್ಕೆ 49. ನನಗೆ ತಟ್ಟನೆ ಹೊಳೆದದ್ದು ಹೋಳಿಗೆ. ತಟ್ಟುವಾಗ ಅಂಚು ಒಂದು ಬೆರಳು ಮುಂದೆ ಹೋದರೆ ಕಣಕ ಎಷ್ಟು ಹೆಚ್ಚು ಬೇಕು ಎಂಬುದು ನೂರು ಜನಕ್ಕೆ ಹೋಳಿಗೆ ಮಾಡಿದವರಿಗೆ ಗೊತ್ತು. ಇಲ್ಲೂ ಅಂತರ ಬಳೆಯಷ್ಟೇ, ಇಂಚಿನ ಎಂಟನೆಯ ಒಂದು ಪಾಲು.

“ಎರಡೂ ಕಡೆ ದೊಡ್ಡದೇ ಹಾಕಿದ್ರೆ?” ಮಗ ಬಿಡಲಿಲ್ಲ. “ಆಗ ಗಾಡಿ ನೇರ ಹೋಗ್ತದೆ. ಆದ್ರೆ ದೊಡ್ಡ ಪಾತ್ರೆ ತುಂಬಲಿಕ್ಕೆ ಎಣ್ಣೆ ಜಾಸ್ತಿ ಬೇಕಲ್ಲ, ಪೆಡಲ್ ಇನ್ನೂ ಕೆಳಗೆ ಹೋಗ್ತದೆ. ಹಿಂದಿನ ಚಕ್ರಕ್ಕೂ ಮುಂದಿನದಕ್ಕೂ ಇರುವ ಹೊಂದಾಣಿಕೆಯೂ ಕೆಡ್ತದೆ.” ಜೊತೆಗೆ ತಂದಿದ್ದ ಎಣ್ಣೆ ಕೊಳವೆಯ ತುದಿಯನ್ನೂ ಅವರು ಒಪ್ಪಲಿಲ್ಲ. ಹತ್ತು ಮಿಲಿಮೀಟರಿನ ಮರೆಗೆ ಇಂಚಿನ ಲೆಕ್ಕದ, ಮೂರು ಬೈ ಎಂಟರ ಮರೆ ಸಡಿಲವಾಗಿ ಏರುತ್ತದಂತೆ. ಕೈಯಲ್ಲಿ ತಿರುಗಿಸಿದರೆ ಸರಿಯೆನಿಸುತ್ತದೆ, ಜೋರಾಗಿ ಬ್ರೇಕ್ ಒತ್ತಿದಾಗ ಕಿತ್ತು ಬರಬಹುದು. ಕೂರದೇ ಇರುವ ಸಾಮಾನನ್ನು ಯಾರೂ ಹಾಕುವುದಿಲ್ಲ. ಅಪಾಯ ಇರುವುದು ಹೆಚ್ಚುಕಡಿಮೆ ಕೂರುವ ಸಾಮಾನಿನಲ್ಲಿ.

ಮುಂದಿನ ವಾರ ಹೆಬ್ರಿಯಲ್ಲಿ ಮದುವೆ. ಎಂದರೆ ಆಗುಂಬೆ ಘಾಟಿ, ಹದಿನಾಲ್ಕು ತಿರುವು. ಇವರು, “ಎರಡನೇ ಗೇರಿನಲ್ಲಿ ನಿಧಾನ ಇಳಿದರಾಯಿತು, ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡರೆ ಆಗ್ತದೆ” ಎಂದರು. ಅಡ್ಜಸ್ಟ್ ಎಂಬ ಮಾತು ಹೆಂಗಸರಿಗೆ ಹೊಸದೇ? ಸೊಸೆಯಾಗಿ ಬಂದ ದಿನದಿಂದ ಕೇಳಿದ್ದೇವೆ, ಮಾಡಿಯೂ ಇದ್ದೇವೆ. ಆದರೆ ಹಿಂದೆ ಕೂರುವ ಆ ಮೂವರ ಮನೆಯಲ್ಲೂ ಮಕ್ಕಳಿದ್ದಾರೆ. ಗಾಡಿ ನಂಬಿಕಸ್ತವೆ ಎಂದು ಅವರು ಯಾವತ್ತೂ ಕೇಳಿಲ್ಲ, ನಮ್ಮನ್ನು ನಂಬಿ ಹತ್ತುತ್ತಾರೆ. ಸರಿಯಾದ ಸಾಮಾನು ಬರುವವರೆಗೆ ಗಾಡಿ ಘಾಟಿ ಇಳಿಯಕೂಡದು ಎಂದೆ. ಎರಡು ಮದುವೆಗಳಿಗೆ ಬಾಡಿಗೆ ಗಾಡಿ ಮಾಡಿದೆವು. ಸಿಗಬೇಕಾದ ಲಾಭ ಬಾಡಿಗೆಗೆ ಹೋಯಿತು. ಮನೆಯಲ್ಲಿ ಮೂರು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ. ಅತ್ತೆ ಮಾತ್ರ, “ಗಾಡಿ ಗುಜರಿಗೆ ಹಾಕುವುದಾದರೆ ಹಾಕಿ. ಅರೆಬರೆ ಮಾಡಿ ಓಡಿಸಬೇಡಿ” ಎಂದರು. ಮಾವನ ಗಾಡಿಯ ಬಗ್ಗೆ ಅವರ ಬಾಯಿಂದ ಆ ಮಾತು ಬಂದದ್ದು ನನಗೆ ದೊಡ್ಡ ಬಲ.

ಬೆಂಗಳೂರಿನ ತಂಗಿಯ ಮನೆಗೆ ಹೋಗುವುದಿತ್ತು. ಹಳೆಯ ಸಿಲಿಂಡರನ್ನು ಬಟ್ಟೆಯಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡೆ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ, “ಯಜಮಾನರನ್ನ ಕಳಿಸಿ ಅಮ್ಮ” ಎಂದವರು ಇಬ್ಬರು. “ಅವರು ಕೊಪ್ಪರಿಗೆ ಮುಂದೆ ಇದ್ದಾರೆ, ನೀವು ಇದನ್ನು ನೋಡಿ” ಎಂದೆ. ಒಬ್ಬ ವೃದ್ಧರು ಮಾತ್ರ ಸಿಲಿಂಡರನ್ನು ಬೆಳಕಿಗೆ ಹಿಡಿದು, ಮೈಮೇಲಿನ ಎರಕದ ನಂಬರನ್ನು ಓದಿ ನಿಜ ಹೇಳಿದರು: “ಇದರ ಹೊಸ ಬಾಡಿ ಹುಡುಕಿ ಅಲೆಯಬೇಡಿ. ಹೊಸ ಡಬ್ಬಿಯಲ್ಲಿ ಯಾರ ಅಳತೆಯದೋ ಇರುತ್ತೆ. ಹಳೇದನ್ನೇ ಅದರ ಅಳತೆಗೆ ತನ್ನಿ.”

ದಾರಿ ತೆರೆದದ್ದು ಆ ಮಾತಿನಿಂದ. ಸಿಲಿಂಡರಿನ ಗುಳಿಬಿದ್ದ ಒಳಮೈಯನ್ನು ಲೇತ್‌ನಲ್ಲಿ ಕೊರೆದು, ಹಿತ್ತಾಳೆಯ ತೋಳು ಕೂರಿಸಿ, ಮತ್ತೆ ಮೊದಲಿನ ಅಳತೆಗೇ ತರುತ್ತಾರೆ. ಆ ಅಳತೆಯ ರಬ್ಬರ್ ಕಪ್‌ಗಳು ಸಿಕ್ಕವು. ಹಳೆಯ ಶೂಗಳಿಗೆ ಹೊಸ ಲೈನರ್ ಹೊಡೆಸಿದೆವು. ರಿವೆಟ್ಟಿನ ತಲೆ ಲೈನರಿನೊಳಗೆ ಅಡಗಿರಬೇಕು, ಮೇಲೆದ್ದರೆ ಡ್ರಮ್ ಗೀರುತ್ತದೆ. ಶೂವಿನ ಬಾಗು ಡ್ರಮ್ಮಿನ ಬಾಗಿಗೆ ಹೊಂದಬೇಕು, ಇಲ್ಲದಿದ್ದರೆ ನಡುವೆ ಮಾತ್ರ ತಾಗುತ್ತದೆ. ಎಲ್ಲವನ್ನೂ ಎಡಬಲ ಜೋಡಿಯಾಗಿಯೇ ಮಾಡಿಸಬೇಕು.

ಮೆಕ್ಯಾನಿಕ್ ಹೇಳಿದ ಇನ್ನೂ ಮೂರು ಮಾತುಗಳನ್ನು ಮನೆಯಲ್ಲಿ ಹಳೆಯ ಗಾಡಿ ಇರುವವರಿಗಾಗಿ ಬರೆಯುತ್ತೇನೆ. ರಬ್ಬರ್ ಕಪ್‌ಗಳನ್ನು ಸೀಮೆಎಣ್ಣೆಯಲ್ಲಾಗಲಿ ಪೆಟ್ರೋಲಿನಲ್ಲಾಗಲಿ ತೊಳೆಯಬಾರದು, ಉಬ್ಬಿ ಕೆಡುತ್ತವೆ. ಡ್ರಮ್ಮಿನ ಧೂಳನ್ನು ಊದಬಾರದು. ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಬೇಕು. ಮೂರನೆಯದು, ಬ್ರೇಕ್ ಎಣ್ಣೆ ಮಳೆಗಾಲದ ಹಪ್ಪಳದಂತೆ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಎಣ್ಣೆ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಮೇಲೆ ಅದು 140ರವರೆಗೂ ಇಳಿಯಬಹುದು. ಘಾಟಿಯಲ್ಲಿ ಬ್ರೇಕ್ ಕಾದು ಎಣ್ಣೆ ಕುದಿದರೆ ಗುಳ್ಳೆಯೇಳುತ್ತದೆ, ಪೆಡಲ್ ಸುಮ್ಮನೆ ಕುಸಿಯುತ್ತದೆ. ಅದಕ್ಕೇ ತೆರೆದಿಟ್ಟ ಬಾಟಲಿಯದನ್ನು ಬಳಸಬಾರದು.

ಕೊನೆಗೆ ಕೊಳವೆಗಳ ಗಾಳಿ ತೆಗೆಯುವಾಗ ಪೆಡಲ್ ಒತ್ತಲು ಕೂತವಳು ನಾನು. ದೂರದ ಚಕ್ರದಿಂದ ಶುರು. ಗಾಡಿಯ ಅಡಿಯಿಂದ “ಒತ್ತಿ, ಹಿಡ್ಕೊಳ್ಳಿ, ಬಿಡಿ” ಎಂಬ ದನಿ. ಮೊದಮೊದಲು ಹತ್ತಿಯ ಮೇಲೆ ಕಾಲಿಟ್ಟ ಹಾಗಿತ್ತು. ಹೊತ್ತು ಮುಳುಗುವಾಗ ಕಾಲಡಿಯಲ್ಲಿ ಪೆಡಲ್ ಕಲ್ಲಿನಂತೆ ನಿಂತಿತು.

ಎರಡು ದಿನ ಖಾಲಿ ಮೈದಾನದಲ್ಲಿ, ಆಮೇಲೆ ಊರೊಳಗೆ ಓಡಿಸಿ ನೋಡಿ, ಮಾರ್ಚಿಯ ಮದುವೆಗೆ ಘಾಟಿ ಇಳಿದೆವು. ಮಗ ಓಡಿಸುತ್ತಿದ್ದ, ನಾನು ಪಕ್ಕದಲ್ಲಿದ್ದೆ. ಪ್ರತಿ ತಿರುವಿನಲ್ಲೂ ಅವನ ಕಾಲು ನೋಡುತ್ತಿದ್ದೆ, ಗಾಡಿ ಅತ್ತ ಇತ್ತ ಎಳೆಯಲಿಲ್ಲ. ಹದಿನಾಲ್ಕನೆಯದು ದಾಟಿದ ಮೇಲೆ ಹಿಂದೆ ತಿರುಗಿದೆ. ಸೌತೆಕಾಯಿ ಮೂಟೆಗೆ ಒರಗಿಕೊಂಡು ಮೂವರೂ ಗಾಢನಿದ್ದೆಯಲ್ಲಿದ್ದರು.